ನಲವತ್ತೈದು ಬೂಟು

ಬಸ್ಸಿಳಿದಾಗ ಎಣಿಸಿದೆ: ಇಪ್ಪತ್ತಮೂರು.
ಏರಿ ಹತ್ತಿ ಎಣಿಸಿದೆ: ಇಪ್ಪತ್ತಮೂರು.
ಏರಿಯ ಮೇಲೆ ಒಂದು ಕಲ್ಲಿದೆ,
ಮೀನಿಗೆ ಹೋಗಿ ಮರಳದವರ ನೆನಪಿಗೆ.
ಅದಕ್ಕೂ ಎಣಿಕೆ ಬರುತ್ತದೆ.
ಮಕ್ಕಳನ್ನು ಅದರ ಮುಂದೆ ನಿಲ್ಲಿಸಲಿಲ್ಲ.

ಊರಿನ ಹೆಸರು ಮೊಡರ್‌ಗಾಟ್, ಅಂದರೆ ಕೆಸರಗುಂಡಿ.
ಹರಸಿ ಇಟ್ಟ ಹೆಸರಲ್ಲ, ಕಾಲು ಹೂತವರು ಇಟ್ಟದ್ದು.
ರಬ್ಬರ್ ಬೂಟು ಬೇಡವೆಂದು ವೀಬ್ರೆನ್ ಮೊದಲೇ ಪತ್ರ ಬರೆದಿದ್ದ.
ಪತ್ರ ಎಲ್ಲರ ಮನೆಯ ಫ್ರಿಜ್ಜಿನ ಬಾಗಿಲಲ್ಲಿ ಉಳಿಯಿತು;
ಬೂಟು ಬಂದವು, ನಲವತ್ತಾರು.

ಸಮುದ್ರ ಮನೆಯಲ್ಲಿರಲಿಲ್ಲ.
ದಿನಕ್ಕೆ ಎರಡು ಸಲ ಹೊರಗೆ ಹೋಗುತ್ತದೆ
ಬಾಗಿಲು ತೆರೆದಿಟ್ಟು, ಸಾಮಾನೆಲ್ಲ ಹರವಿಟ್ಟು.
"ಎಲ್ಲಿಗೆ ಹೋಯ್ತು?" ಎಂದಳು ಯಿಲ್ದೌ.
ವೀಬ್ರೆನ್ ನಮ್ಮ ದಾರಿಕಾರ, ಎಪ್ಪತ್ತರ ಹತ್ತಿರ,
ಕೋಲೂರಿ ಗಡಿಯಾರ ನೋಡಿದ:
"ಎಲ್ಲಿಗೋ ಕಾಣೆ ಮಗಳೇ,
ಬರೋದು ಮಾತ್ರ ಎರಡೂ ಮುಕ್ಕಾಲಿಗೆ."

ನನ್ನ ಕೈಯಲ್ಲಿ ಶಾಲೆಯ ಫಾರಂ:
ಇಂದಿನ ಕಲಿಕೆಯ ಗುರಿಗಳು, ಒಂದರಿಂದ ಆರು.
ಮೊದಲನೆಯ ಗುರಿ ಮೊಣಕಾಲಿನವರೆಗೆ ಹೂತಿತು.

ಕೆಸರೆಂದರೆ ಒಂದೇ ಎಂದುಕೊಂಡಿದ್ದೆ.
ಗಂಜಿಯಂಥದು ಇತ್ತು, ಬೆಣ್ಣೆಯಂಥದು ಇತ್ತು,
ಮೇಲೆ ಕೆನೆಗಟ್ಟಿ ಒಳಗೆ ಕಡುಗಪ್ಪಾಗಿ
ಕೊಳೆತ ಮೊಟ್ಟೆಯ ನಾತ ಹೊಡೆಯುವಂಥದು.
ತ್ಯೆರ್ಕ್ ಮೂಗು ಮುಚ್ಚಿದ, ಬಿಟ್ಟ, ಮುಚ್ಚಿದ,
ಒಟ್ಟಿನಲ್ಲಿ ಸುಖಪಟ್ಟ.

ಹೆಜ್ಜೆಗೊಂದು ಮರಳಿನ ಶಾವಿಗೆಸುರುಳಿ.
"ಇದು ಹುಳದ ಕಕ್ಕ," ಎಂದ ವೀಬ್ರೆನ್.
ಇಡೀ ವರ್ಷ ನನಗೆ ಸಿಗದ ನಿಶ್ಶಬ್ದ, ಆಮೇಲೆ ನಗು.
ಮರಳು ತಿನ್ನುತ್ತದೆ, ಮರಳೇ ಬಿಡುತ್ತದೆ,
ನಡುವೆ ಎಲ್ಲೋ ಹೇಗೋ ಬದುಕಿಕೊಳ್ಳುತ್ತದೆ.
ಬರೆದುಕೊಂಡವಳು ಮಾರಿಟ್ ಒಬ್ಬಳೇ. ಉಳಿದವರು ಅಗೆದರು.

ಆಮೇಲೆ ಅವನು ತುಟಿಗೆ ಬೆರಳಿಟ್ಟ.
ಮೊದಲು ಗಾಳಿ. ಜಾಕೆಟ್ಟಿನ ಸರಬರ. ಯಾರದೋ ಸೀನು.
ಬಹಳ ಹೊತ್ತಿಗೆ ಕೆಳಗಿನಿಂದ, ಬಲು ಸಣ್ಣಗೆ,
ಒಲೆಯಿಂದ ಇಳಿಸಿದ ಮೇಲೂ ಚಿಟಗುಡುವ ಸಾಸಿವೆಯಂತೆ
ಕೆಸರು ಸಿಡಿಯುತ್ತಿತ್ತು.
ಅಕ್ಕಿಕಾಳಿನಷ್ಟು ಸೀಗಡಿ, ಲೆಕ್ಕವಿಲ್ಲದಷ್ಟು;
ಮೀಸೆ ಅಗಲಿಸಿದಾಗಲೆಲ್ಲ ಒಂದು ನೀರಪೊರೆ ಒಡೆಯುತ್ತದಂತೆ.
ನಾನು ತಲೆ ಎಣಿಸುವುದನ್ನು ಮರೆತೆ.

ಆಗಲೇ ಸೀತ್ಸೆಯ ಎಡಬೂಟು ಹೋದದ್ದು.

ಪುಸ್ತಕದ ಸಾಲಿನ ನಡುವೆ ದಾರಿ ತಪ್ಪುವ ಹುಡುಗ.
ಕಾಲು ಬಂತು, ಕಾಲ್ಚೀಲ ಬರಲಿಲ್ಲ, ಬೂಟೂ ಬರಲಿಲ್ಲ.
ಮೂವರು ಕೈ ಹಾಕಿದೆವು, ವೀಬ್ರೆನ್ ಕೋಲು ಹಾಕಿದ,
ಕೆಸರು ಒಮ್ಮೆ ಬಾಯಿ ಚಪ್ಪರಿಸಿ ಸುಮ್ಮನಾಯಿತು.
ಅಳುತ್ತಾನೆ ಎಂದುಕೊಂಡೆ.
ಅವನು ತಲೆತಗ್ಗಿಸಿ ಬರಿಗಾಲಿನ ಬೆರಳು ಅಲುಗಿಸುತ್ತ ನಿಂತ,
ಹೊಸ ನಾಯಿಮರಿಯನ್ನು ಮಾತಾಡಿಸುವವನಂತೆ.
"ಟೀಚರ್, ಇಲ್ಲಿ ತಣ್ಣಗಿದೆ.
ಇಲ್ಲಿ ಇನ್ನೂ ತಣ್ಣಗಿದೆ.
ಇಲ್ಲಿ ನೀರು ಓಡ್ತಿದೆ, ಮೇಲೆ ಕಾಣಲ್ಲ."
ಒಂದೇ ಉಸಿರಿಗೆ ಓದಿದ, ಎಲ್ಲೂ ತಡವರಿಸದೆ.

ವೀಬ್ರೆನ್ ಆ ಜಾಗ ಚುಚ್ಚಿ ನೋಡಿದ. ಗಡಿಯಾರ ನೋಡಲಿಲ್ಲ.
"ಹುಡುಗ ಸರಿ ಹೇಳ್ತಿದ್ದಾನೆ. ತಿರುಗೋಣ."

ಹಿಂದೆ ನೋಡಬೇಡಿ ಎಂದರೆ ಯಾರು ಕೇಳುತ್ತಾರೆ?
ಅಲೆಯಿಲ್ಲ, ಸದ್ದಿಲ್ಲ;
ದೂರದಲ್ಲಿ ಕೆಸರು ಚೂರು ಚೂರೇ
ಆಕಾಶವಾಗುತ್ತಿತ್ತು.

ಏರಿಯ ಮೇಲೆ ಎಣಿಸಿದೆ: ಇಪ್ಪತ್ತಮೂರು.
ಮತ್ತೊಮ್ಮೆ, ಕಲ್ಲಿಗೆ ಬೆನ್ನು ಮಾಡಿ.
ಕೈ ಕೆಸರಾದರೆ ಬಾಯಿಯೂ ಕೆಸರು:
ತೊಳೆಯದ ಕೈಯಲ್ಲೇ ಚೀಸು ಬ್ರೆಡ್ಡು ತಿಂದರು.
ಬಸ್ಸಿನಲ್ಲಿ ಗುರಿಗಳ ಎದುರು ಆರೂ ಟಿಕ್ ಹಾಕಿದೆ. ಸುಳ್ಳು.
ನಷ್ಟ ಎಂಬಲ್ಲಿ ನಿಜ ಬರೆದೆ:
ಬೂಟು ಒಂದು, ಹಸಿರು, ಎಡದ್ದು, ಅಳತೆ ಮೂವತ್ತನಾಲ್ಕು.
ಅವನಮ್ಮ ಫೋನಿನಲ್ಲಿ ಗದರಲಿಲ್ಲ;
ಅದು ಅವನ ಅಕ್ಕನದು, ಅದಕ್ಕೂ ಮೊದಲು ಇನ್ಯಾರದೋ.

ರಾತ್ರಿ, ಸಮುದ್ರ ಮತ್ತೆ ಹೊರಡುವ ಹೊತ್ತಿಗೆ,
ಕಾಲ್ಚೀಲ ಕಳಚಿ ಅಡುಗೆಮನೆಯ ಕಲ್ಲುಹಾಸಿನ ಮೇಲೆ ನಿಂತೆ,
ದೀಪ ಹಾಕದೆ,
ಒಂದೊಂದು ಕಲ್ಲೂ ಬೇರೆ ಬೇರೆ ತಣ್ಣಗಿರುತ್ತದೆಯೇ ಎಂದು.

ಇರುತ್ತದೆ.
ಕಿಟಕಿಯ ಕೆಳಗಿನದು.